ಬೆಂಚಿನ ಮುಂದಿನ ನೆಲ

ಆ ಚರ್ಚಿನಲ್ಲಿ ಬೆಂಚುಗಳಿಗೂ ವಾರಸುದಾರರಿದ್ದರು. ಬೆಂಗಳೂರಿನ ವರ್ತೂರು ಕಡೆಯ ಆ ಬ್ರಿಟಿಷರ ಕಾಲದ ಕಟ್ಟಡದಲ್ಲಿ ಅಜ್ಜ ಕೂತ ಬೆಂಚಿನಲ್ಲೇ ಮೊಮ್ಮಗ ಕೂರಬೇಕು. ಬೀದರಿನಿಂದ ಗಾರೆ ಕೆಲಸಕ್ಕೆ ಬಂದ ನನಗೆ ಇದೆಲ್ಲಿ ಗೊತ್ತು? ನಮ್ಮೂರ ಚರ್ಚಿನಲ್ಲಿ ಎಲ್ಲರಿಗೂ ಚಾಪೆ. ಮೊದಲ ಭಾನುವಾರವೇ ಹೋಗಿ ಮುಂದಿನ ಖಾಲಿ ಬೆಂಚಿನಲ್ಲಿ ಕೂತುಬಿಟ್ಟೆ. "ಇದು ನಮ್ಮನೆಯವ್ರದು ಕಣಮ್ಮ," ಎಂದು ಒಬ್ಬಾಕೆ ನಗುತ್ತಲೇ ಎಬ್ಬಿಸಿದರು. ಅಂದಿನಿಂದ ನಾನೂ ನಮ್ಮತ್ತೆಯೂ, ಬೀದರಿನ ಉಳಿದ ಕೂಲಿಯವರೂ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕ.

ಒಂದು ಬೇಸಿಗೆಯಲ್ಲಿ ವೈರು ಸುಟ್ಟು ಛಾವಣಿಗೆ ಬೆಂಕಿ ಹತ್ತಿತು. ತೇಗದ ತೊಲೆ, ಬೆಂಚು ಎಲ್ಲ ಬೂದಿಯಾಗಿ ಬರೀ ಗೋಡೆಗಳು ಉಳಿದವು. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಆ ಬೆಂಚುಗಳಿಗಾಗಿ ಅಲ್ಲ, ದೇವರ ಮನೆಗಾಗಿ.

ಆರು ದಿನ ಅಪಾರ್ಟ್‌ಮೆಂಟು ಕಟ್ಟಿ, ದೇವರೇ ವಿಶ್ರಮಿಸಿಕೊಂಡ ಏಳನೆಯ ದಿನ ನಾವು ಬೀದರಿನವರು ಚರ್ಚು ಕಟ್ಟಿದೆವು. ಸಭೆಯ ಹಿರಿಯರು ಕುರ್ಚಿಯಲ್ಲಿ ಕೂತು, "ಚೆನ್ನಾಗ್ ಮಾಡ್ತಿದೀರ," ಎಂದರು. ಹೊಗಳಿಕೆಗೆ ಬೆವರು ಬೇಕಿಲ್ಲವಲ್ಲ. ಅತ್ತೆ ಮಂಡಿಯೂರಿ ನೆಲದ ಕಲ್ಲಿನ ಸಂದಿಗಳಿಗೆ ಸಿಮೆಂಟು ತುಂಬಿದಳು.

ಪ್ರತಿಷ್ಠೆಯ ದಿನ ನೋಡಿದರೆ ಹೊಸ ಬೆಂಚುಗಳ ಮೇಲೆ ಅದೇ ಮನೆತನಗಳ ಹೆಸರು.

"ನಿಮ್ಮೋರೆಲ್ಲ ಹಿಂದೆ ಕೂತ್ಕೊಳ್ಳಿ, ಗೆಸ್ಟ್‌ಗಳು ಬರ್ತಾರೆ," ಎಂದರು ಹಿರಿಯರೊಬ್ಬರು.

ಮೈ ಉರಿದುಹೋಯಿತು. ಇವತ್ತು ಹಿಂದೆ ಹೋದರೆ ಜನ್ಮವಿಡೀ ಹಿಂದೆಯೇ ಎನಿಸಿತು. ಅತ್ತೆಯ ಕೈ ಹಿಡಿದು ಮೊದಲ ಬೆಂಚನ್ನೂ ದಾಟಿ, ವೇದಿಕೆಯೆದುರಿನ ಬರಿ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಬಾಗಿಲಲ್ಲಿದ್ದ ನಮ್ಮವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು.

"ಏನಮ್ಮ ಇದು? ಎದ್ದೇಳಿ," ಎಂದರು ಆ ಹಿರಿಯರು.

"ಬೆಂಚು ನೀವ್ ಇಟ್ಕೋರಿ," ಎಂದಳು ಅತ್ತೆ. "ನೆಲ ನಾವ್ ಹಾಕೀವಿ. ಇಲ್ಲೇ ಕುಂದರ್ತೀವಿ."

ಹಿರಿಯರು ವೇದಿಕೆಯ ಮೇಲಿದ್ದ ಪಾದ್ರಿ ಅಯ್ಯನವರ ಮುಖ ನೋಡಿದರು. ಅಯ್ಯನವರು ಹಾಡಿನ ಪುಸ್ತಕ ತೆರೆದರು. ನಾನು ಬೇಕೆಂದೇ ಜೋರಾಗಿ ಹಾಡಿದೆ.

ಏಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನದ ಹೊತ್ತಿಗೆ ಅಯ್ಯನವರು ತಟ್ಟೆ ಹಿಡಿದು ಮೆಟ್ಟಿಲಿಳಿದರು. ಬೆಂಚಿನತ್ತ ಹೋಗಬೇಕಾದರೆ ನಮ್ಮನ್ನು ದಾಟಬೇಕಿತ್ತು. ದಾಟಲಿಲ್ಲ. ಸೊಂಟ ಬಗ್ಗಿಸಿ, ಮೊದಲ ತುಂಡನ್ನು ಅತ್ತೆಯ ಬಿರುಕುಬಿಟ್ಟ ಅಂಗೈಯಲ್ಲಿಟ್ಟರು. ಬೆಂಚಿನವರು ತಮ್ಮ ಸರದಿಗೆ ಕಾದರು.