ಲೇಬಲ್ಲಿನ ಕೊನೆಯ ಸಾಲಿನಲ್ಲಿ ನಾನು ಖಂಡಿಸಿದ ಯುದ್ಧ

ಯುದ್ಧದ ವಿರುದ್ಧ ನಾನು ಇಡೀ ಜೀವಮಾನದಲ್ಲಿ ಮಾಡಿದ ಕೆಲಸ ಒಂದೇ. ಅದರಿಂದ ಯುದ್ಧಕ್ಕೆ ಏನೂ ಆಗಲಿಲ್ಲ. ಚನ್ನಪಟ್ಟಣದ ಒಬ್ಬ ಬೊಂಬೆ ಮಾಡುವವನಿಗೆ ಮಾತ್ರ ಅರ್ಧ ದಿನ ಜೀವ ಬಾಯಿಗೆ ಬಂತು.

ಇರಾಕಿನ ಮೇಲೆ ಬಾಂಬು ಬೀಳುತ್ತಿದ್ದ ದಿನಗಳು. ಬಿಡದಿ ಕಡೆ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದವು. ಅವರ ಬೋರ್ಡು, ಬಿಲ್‌ಬುಕ್ಕು ನಂಬಿಕೊಂಡು ನಾನು ಹೆದ್ದಾರಿ ಪಕ್ಕ ಒಂದು ಡಿಟಿಪಿ ಅಂಗಡಿ ಇಟ್ಟಿದ್ದೆ. ಬಿಡುವಿನಲ್ಲಿ ಕನಕಪುರದ ಕಾಲೇಜು ಮೇಷ್ಟ್ರು, ತಿಪ್ಪಸಂದ್ರದ ಸ್ಕೂಲ್ ಟೀಚರಮ್ಮ ಮತ್ತು ನಾನು ಸೇರಿ ಲೇಬಲ್ ಮುದ್ರಿಸುವ ಒಂದು ಕನ್ನಡ ಸಾಫ್ಟ್‌ವೇರ್ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿಕೊಳ್ಳಿ ಎಂದು ಇಂಟರ್ನೆಟ್ಟಿಗೆ ಬಿಟ್ಟಿದ್ದೆವು. ನಮ್ಮನ್ನು ನಾವು 'ಮುಕ್ತ ತಂತ್ರಾಂಶ ಸಮುದಾಯ' ಎಂದು ಕರೆದುಕೊಳ್ಳುತ್ತಿದ್ದೆವು. ಮೂರು ಜನ. ಬದಲಾವಣೆ ಏರಿಸುವ ಪಾಸ್‌ವರ್ಡ್ ನನ್ನ ಹತ್ತಿರ ಇತ್ತು, ಯಾಕೆಂದರೆ ಇಂಟರ್ನೆಟ್ಟಿಗೆ ಬೇಕಾದ ಫೋನ್ ಲೈನ್ ನನ್ನ ಅಂಗಡಿಯಲ್ಲಿತ್ತು.

ಹೊರದೇಶದ ಸಾಫ್ಟ್‌ವೇರ್ ಗುಂಪಿನವರು ಯುದ್ಧದ ಬಗ್ಗೆ ಬಾಯಿ ಬಿಡಬೇಕೋ ಬೇಡವೋ ಎಂದು ಜಗಳವಾಡುವುದನ್ನು ಓದಿ ನನಗೂ ಮೈ ಬಿಸಿಯಾಯಿತು. ನಮ್ಮ ಸಾಫ್ಟ್‌ವೇರಿನ ಹೆಸರು ಪ್ರತಿ ಲೇಬಲ್ಲಿನ ಕೊನೆಗೆ ಸಣ್ಣಕ್ಷರದಲ್ಲಿ ಬರುತ್ತಿತ್ತು. ಅದನ್ನು ತೆಗೆದು 'ಈ ಯುದ್ಧ ನಿಲ್ಲಲಿ' ಎಂದು ಇಂಗ್ಲಿಷಿನಲ್ಲಿ ಹಾಕಿದೆ. ಉಳಿದಿಬ್ಬರನ್ನು ಕೇಳಲಿಲ್ಲ. ಒಳ್ಳೆಯ ಮಾತಾಡಲು ಯಾರ ಅಪ್ಪಣೆ ಬೇಕು? ಅವತ್ತು ಊಟಕ್ಕೆ ಮನೆಗೆ ಹೋಗುವಾಗ ಎದೆ ಎರಡಿಂಚು ಮುಂದಿತ್ತು.

ವಾರವಾಗಿರಲಿಲ್ಲ, ನನ್ನ ಜೊತೆ ಓದಿದ್ದ ಬೊಂಬೆಯವನು ಒಂದು ಡಬ್ಬ ಹಿಡಿದು ಬಂದ. ದಲ್ಲಾಳಿ ಇಲ್ಲದೆ ತನ್ನದೇ ಹೆಸರಿನಲ್ಲಿ ಮೊದಲ ಸಲ ಅಮೆರಿಕಕ್ಕೆ ಬೊಂಬೆ ಕಳಿಸುತ್ತಿದ್ದ. ಮಧ್ಯಾಹ್ನ ಲಾರಿ ಬರುವುದಿತ್ತು. ಲೇಬಲ್ಲು ಮುದ್ರಿಸಿಕೊಟ್ಟವನು ನಾನೇ. ಕೊನೆಯ ಸಾಲು ಚೆನ್ನಾಗಿ ಮೂಡಿದೆ ಎಂದು ಖುಷಿಪಟ್ಟವನೂ ನಾನೇ.

"ಇದೇನ್ಲಾ, ನನ್ ಹೆಸ್ರು ಕೆಳ್ಗೆ?"

"ಯುದ್ಧ ನಿಲ್ಲಲಿ ಅಂತ ಕಣ್ಲಾ. ನಿಂಗ್ ಬ್ಯಾಡ್ವಾ?"

"ನಮ್ಮಣ್ಣ ಕುವೈತ್ನಾಗೆ ಗಾಡಿ ಓಡುಸ್ತಾವ್ನೆ. ನಮ್ಮಮ್ಮ ಟಿವಿ ಮುಂದಿಂದ ಎದ್ದೇ ಇಲ್ಲ. ನಿನಗಿಂತ ಜಾಸ್ತಿ ಬೇಕು ನಂಗೆ."

"ಮತ್ತೇನ್ಲಾ?"

"ಮೇಲ್ಗಡೆ ನನ್ ಹೆಸ್ರು ಓದು. ಆಮೇಲ್ ಕೆಳ್ಗಡೆ ಓದು. ಅಲ್ಲಿ ಬಂದರ್ನಾಗೆ ಡಬ್ಬ ಬಿಚ್ತಾನಲ್ಲ, ಅವ್ನಂಗೆ ಓದು."

ಓದಿದೆ. ನನ್ನ ಹೆಸರಿನ ಕೆಳಗೆ ಆ ಸಾಲು ಒಂದು ಅಭಿಪ್ರಾಯ. ಅಂಥ ದಿನಗಳಲ್ಲಿ ಒಬ್ಬ ಸಾಬರ ಹೆಸರಿನ ಕೆಳಗೆ ಅದು ಮಾಲು ತಡೆಯಲು ಒಂದು ನೆಪ. ಊರಿಗೆಲ್ಲ ಕಂಪ್ಯೂಟರ್ ಕಲಿಸುವ ನನಗೆ ಇದು ಹೊಳೆದಿರಲಿಲ್ಲ.

"ಆ ಸಾಲಿನ ಮ್ಯಾಲೆ ಒಂದ್ ಚೀಟಿ ಅಂಟುಸ್ಬುಡಾನ," ಎಂದೆ.

"ಅಂಟ್ಸು. ಏನೋ ಮುಚ್ಚವ್ನೆ ಅಂತ ತಳದವರ್ಗೂ ಬಿಚ್ ನೋಡ್ಲಿ. ಒಸಿ ತಲೆ ಐತೇನ್ಲಾ ನಿಂಗೆ?"

ಸಾಲು ತೆಗೆದು ಹೊಸ ಲೇಬಲ್ಲು ಮುದ್ರಿಸಿದೆ. ಅವನ ಶೆಡ್ಡಿನಲ್ಲಿ, ಅರಗಿನ ವಾಸನೆಯ ನಡುವೆ ಕೂತು, ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ಕಿತ್ತೆವು. ಮೈದಾ ಅಂಟು ಗಟ್ಟಿಯಾಗಿತ್ತು. ನಾನು ಎರಡನೇ ಡಬ್ಬಕ್ಕೆ ತೂತು ಮಾಡಿದ ಮೇಲೆ ಅವನ ಹೆಂಡತಿ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, "ನೀವ್ ಕುಂತ್ಕಳಿ ಅಣ್ಣ, ಬ್ಯಾಗ್ನೆ ಆಯ್ತದೆ" ಎಂದಳು. ಲಾರಿ ಹಾರ್ನ್ ಹೊಡೆಯುತ್ತ ಕಾದು, ಎಲ್ಲ ಡಬ್ಬ ತುಂಬಿಕೊಂಡೇ ಹೋಯಿತು.

ತಪ್ಪೊಪ್ಪಿಕೊಂಡು ಗುಂಪಿಗೆ ಇಮೇಲ್ ಬರೆದೆ. 'ಸುಮ್ಮನಿರುವುದೂ ಒಂದು ಪಕ್ಷವೇ, ಹೇಳಲೇಬೇಕು' ಎಂದರು ಮೇಷ್ಟ್ರು. 'ಹೇಳಿ. ನಾನು ಭಾನುವಾರವೆಲ್ಲ ಕೂತು ಒತ್ತಕ್ಷರ ಸರಿ ಮಾಡಿದ್ದು ನಿಮ್ಮ ಭಾಷಣ ಹೊರಲಿಕ್ಕಲ್ಲ' ಎಂದರು ಟೀಚರಮ್ಮ. ಇವತ್ತಿಗೂ ನನಗೆ ಇಬ್ಬರೂ ಸರಿ ಅನಿಸುತ್ತಾರೆ. ಕೊನೆಗೆ ಲೇಬಲ್ಲಿನ ತಂಟೆ ಬಿಟ್ಟು ನಮ್ಮ ವೆಬ್‌ಸೈಟಿನಲ್ಲಿ ಒಂದು ಹೇಳಿಕೆ ಹಾಕುವುದು, ಒಪ್ಪಿದವರು ಅವರವರೇ ಹೆಸರು ಬರೆಯುವುದು ಎಂದಾಯಿತು.

ಅದರ ಪ್ರತಿಯನ್ನು ಬೊಂಬೆಯವನಿಗೆ ಒಯ್ದು ತೋರಿಸಿದೆ. ಎರಡು ಸಲ ಓದಿದ.

"ಚೆಂದಾಗೈತೆ."

"ಹೆಸ್ರು ಹಾಕ್ತೀಯಾ?"

"ಅಣ್ಣ ಮನೆಗ್ ಬರ್ಲಿ. ಆಮೇಲ್ ಕೇಳು."

ಸರಿ ಎಂದು ಕಾಗದ ಮಡಚಿಕೊಂಡು ಬಂದೆ. ಕೇಳದೆ ಅವನ ಹೆಸರು ಸೇರಿಸಲಿಲ್ಲ. ಅಷ್ಟರ ಮಟ್ಟಿಗೆ ಸುಧಾರಿಸಿದ್ದೆ.