ಎರಡೂ ಕಡೆಯವರಿಗೆ ಬನ್ನಿ

ನಮ್ಮ ಮಾವನವರು ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ನಿವೃತ್ತಿಯವರೆಗೂ ಒಂದೇ ಕೆಲಸ ಮಾಡಿದವರು. ಹೊರದೇಶದಲ್ಲಿ ಎಲ್ಲಾದರೂ ಬೆಂಕಿ ಹೊತ್ತಿಕೊಂಡರೆ ಅದರ ಬಗ್ಗೆ ನಮ್ಮ ದೇಶ ಏನು ಹೇಳಬೇಕೆಂದು ಕರಡು ಬರೆದುಕೊಡುವುದು. ಏನೂ ಹೇಳದ ಹಾಗೆ ಹೇಳುವುದೇ ಆ ಕಸುಬಿನ ಗುಟ್ಟು. ಅತ್ತೆ ತೀರಿಕೊಂಡ ಮೇಲೆ ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು, ಕಸುಬನ್ನೂ ಜೊತೆಗೇ ತಂದರು. ನನಗೂ ಗಂಡನಿಗೂ ಜಗಳವಾದರೆ, "ಇಬ್ಬರೂ ಸಂಯಮದಿಂದ ಇರ್ರಿ, ಕೂತು ಮಾತಾಡ್ರಿ" ಎಂದು ಟ್ಯಾಬ್ಲೆಟ್ಟಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ತಪ್ಪು ಮಗನದೇ ಎಂದು ಗೋಡೆಗೂ ಗೊತ್ತಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎದುರು ಮನೆಯವಳು ಸುಡಾನಿನವಳು. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಲಿಫ್ಟಿನಲ್ಲಿ ನಾನು ಫೋನಿನಲ್ಲಿ ಅಕ್ಕನ ಜೊತೆ ಹರಟುತ್ತಿದ್ದೆ. ಇವಳು ಕಿವಿಗೊಟ್ಟು ಕೇಳಿ, ಫೋನು ಇಟ್ಟ ಮೇಲೆ ಮೆಲ್ಲಗೆ "ಊಟ ಆಯ್ತಾ?" ಎಂದಳು. ಗ್ರೋಸರಿ ಚೀಲ ಕೈಯಿಂದ ಜಾರುವುದೊಂದು ಬಾಕಿ. ನನ್ನ ಮೈಸೂರಿನಲ್ಲೇ ಫಾರ್ಮಸಿ ಓದಿದ್ದಾಳಂತೆ, ಈಗ ಇಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ. ಆಟೋದವರ ಹತ್ತಿರ ಜಗಳವಾಡುವಷ್ಟು ಕನ್ನಡ ಇನ್ನೂ ಉಳಿದಿತ್ತು. ಅವತ್ತಿನಿಂದ ನಮ್ಮ ಮನೆಯ ಹುಳಿ ಆಕಡೆಗೆ, ಅವಳ ಮನೆಯ ಖರ್ಜೂರ ಈಕಡೆಗೆ.

ಅವಳ ದೇಶದಲ್ಲಿ ಸೈನ್ಯವೂ ಇನ್ನೊಂದು ಸಶಸ್ತ್ರ ಪಡೆಯೂ ಪರಸ್ಪರ ಹೊಡೆದಾಟಕ್ಕೆ ಇಳಿದ ಮೇಲೆ ಖರ್ಜೂರ ಬರುವುದು ನಿಂತಿತು. ರಾಜಧಾನಿಯಲ್ಲಿದ್ದ ತಾಯಿಯ ಮನೆ ಲೂಟಿಯಾಯಿತು. ತಾಯಿ ಹೇಗೋ ಸಮುದ್ರದಂಡೆಯ ಊರು ಸೇರಿಕೊಂಡರು. ಇವಳ ತಮ್ಮ ಈಗ ಮೈಸೂರಿನಲ್ಲೇ ಓದುತ್ತಿದ್ದಾನೆ. ತಾಯಿಯನ್ನು ಅವನ ಹತ್ತಿರ ಕಳಿಸಬೇಕೆಂದು ಭಾರತದ ವೀಸಾಕ್ಕೆ ಅರ್ಜಿ ಹಾಕಿದ್ದಳು. ಕೈರೋದ ನೆಂಟರೂ ಬಾ ಎನ್ನುತ್ತಿದ್ದರು. ಆದರೆ ಪಾಸ್‌ಪೋರ್ಟು ವೀಸಾದ ಅರ್ಜಿಯ ಜೊತೆ ನಮ್ಮ ರಾಯಭಾರ ಕಚೇರಿಯಲ್ಲಿ ಕೂತಿತ್ತು. ಅದನ್ನು ವಾಪಸು ತೆಗೆದುಕೊಂಡರೆ ಮೈಸೂರಿನ ಆಸೆ ಬಿಟ್ಟ ಹಾಗೆ, ಅಲ್ಲೇ ಬಿಟ್ಟರೆ ಕೈರೋಗೆ ಹೋಗುವಂತಿಲ್ಲ. ತಾಯಿಯ ಸಕ್ಕರೆ ಕಾಯಿಲೆಗೆ ಅಲ್ಲಿ ಇನ್ಸುಲಿನ್ ಸಿಗುವುದು ಕಷ್ಟವಾಗುತ್ತಿತ್ತು. ದಿನವಿಡೀ ಬೇರೆಯವರಿಗೆ ಅದನ್ನೇ ಕಟ್ಟಿಕೊಟ್ಟು ಮನೆಗೆ ಬರುತ್ತಿದ್ದಳು ಇವಳು.

ದಸರಾ ಬಂತು. ವಿಜಯದಶಮಿಯ ಸಂಜೆ ಮಾವನವರ ಊರಾದ ಧಾರವಾಡದ ಕಡೆಯವರು ಮನೆಮನೆಗೆ ಹೋಗಿ ಬನ್ನಿ ಎಲೆ ಕೊಡುತ್ತಾರೆ. ಅವತ್ತು ಅದು ಎಲೆಯಲ್ಲ, ಬಂಗಾರ. ಮುಖ ತಿರುಗಿಸಿಕೊಂಡವರಿಗೂ ಕೊಡಬೇಕು, ಅವರೂ ತೆಗೆದುಕೊಳ್ಳಬೇಕು, ಅಲ್ಲಿಗೆ ಹಳೆಯ ಜಗಳ ಮುಗಿಯಿತು. ಫ್ರೀಮಾಂಟಿನಲ್ಲಿ ಬನ್ನಿ ಮರ ಎಲ್ಲಿಂದ ತರುವುದು? ಮಾವನವರು ಪಾರ್ಕಿನ ಯಾವುದೋ ಸಣ್ಣೆಲೆಯ ಮರದಿಂದ ಒಂದು ಟೊಂಗೆ ಮುರಿದು ತಂದು, ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಹೊರಟರು. ತಟ್ಟೆ ಹಿಡಿದು ಹಿಂದೆ ನಾನು.

ಎದುರು ಮನೆಯವಳ ಕೈಗೂ ಎಲೆಯಿಟ್ಟು, "ಬನ್ನಿ ತಗೊಂಡು ಬಂಗಾರಧಂಗ ಇರೋಣು" ಎಂದರು. ಅರ್ಥವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಮ್ಮ ದೇಶದಲ್ಲೂ ಎರಡೂ ಕಡೆಯವರು ಹೀಗೊಂದು ದಿನ ಬಂಗಾರ ಕೊಟ್ಟು ತೆಗೆದುಕೊಂಡರೆ ಎಷ್ಟು ಚೆನ್ನ ಎಂದುಬಿಟ್ಟರು.

ಅವಳು ಎಲೆಯನ್ನೇ ನೋಡುತ್ತ ನಿಂತಳು. "ಅಂಕಲ್, ಅಲ್ಲಿ ಅವರು ಹೊಡೆದಾಡ್ತಿರೋದು ಚಿನ್ನದ ಗಣಿಗೋಸ್ಕರಾನೂ ಹೌದು" ಎಂದಳು. "ನಮ್ಮಮ್ಮನ ಕೈಯಿಂದ ಬಳೆ ಕಿತ್ತುಕೊಂಡ್ರು. ಅವರಿಗೆ ಅಮ್ಮ ಎಲೆ ಕೊಡಬೇಕಾ?" ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿಕೊಂಡಳು. ಬಡಿದಿದ್ದರೇ ವಾಸಿಯಿತ್ತು.

ಮನೆಗೆ ಬಂದು ನಾನು ಸುಮ್ಮನಿರಲಿಲ್ಲ. ಮಾವನೆಂಬ ಮುಲಾಜೂ ನೋಡದೆ, "ನಿಮಗೆ ಎಲ್ಲರೂ ಒಂದೇನಾ? ಹೊಡೆದವನೂ ಒಂದೇ, ಹೊಡೆಸಿಕೊಂಡವಳೂ ಒಂದೇನಾ?" ಎಂದು ಕೇಳಿಬಿಟ್ಟೆ. ಅವರು ಜುಬ್ಬ ಮಡಚುತ್ತ ನಿಧಾನಕ್ಕೆ ಹೇಳಿದರು. "ಯುದ್ಧ ಸುರು ಆದಾಗ ನಮ್ಮ ಮಂದಿ ಅಲ್ಲಿ ಸಿಕ್ಕೊಂಡಿದ್ರು. ನಿಮ್ಮ ಮೈಸೂರ ಸೀಮೆಯವರೂ ಇದ್ರಲ್ಲ? ಒಂದು ರಸ್ತೆ ಇವರ ಕೈಯಾಗ, ಮುಂದಿನ ರಸ್ತೆ ಅವರ ಕೈಯಾಗ. ಒಬ್ಬರಿಗೆ ಬೈದಿದ್ರ ಬಸ್ಸು ದಾಟತಿದ್ದಿಲ್ಲ. ಎರಡೂ ಕಡೆ ಕೈ ಮುಗದದ್ದಕ್ಕ ಅವರೆಲ್ಲ ಮನಿ ಮುಟ್ಟಿದ್ರು. ಅದು ಹೆದರಿಕಿ ಅಲ್ಲ, ತಂಗಿ."

ಆ ಬಸ್ಸುಗಳಲ್ಲಿ ಬಂದವರನ್ನು ಟೀವಿಯಲ್ಲಿ ನೋಡಿ ನಾನೂ ಕಣ್ಣೊರೆಸಿಕೊಂಡವಳೇ. ಆದರೆ ಎದುರು ಮನೆಯವಳ ತಾಯಿಗೆ ಯಾರ ಬಸ್ಸು?

ಆ ಪ್ರಶ್ನೆ ಅವರನ್ನೂ ಕೊರೆಯುತ್ತಿತ್ತೆಂದು ಆಮೇಲೆ ಗೊತ್ತಾಯಿತು. ಸರ್ವೀಸಿನಲ್ಲಿ ಯಾರಿಂದಲೂ ಒಂದು ಉಪಕಾರ ಕೇಳಿದವರಲ್ಲ ಮಾವ. ಅಂಥವರು, ಒಂದು ಕಾಲಕ್ಕೆ ತಮ್ಮ ಕೈಕೆಳಗೆ ಕೆಲಸ ಕಲಿತು ಈಗ ಮೇಲೆ ಕೂತಿರುವವನಿಗೆ ಆ ತಾಯಿಯ ವೀಸಾ ಬೇಗ ಕೊಡಿಸೆಂದು ಈಮೇಲು ಬರೆದರು. ಎದುರು ಮನೆಯವಳಿಗೂ ಹೇಳಿದರು. ಅವಳ ಮುಖ ಅರಳಿತು. ಕೈರೋದವರಿಗೆ ಸ್ವಲ್ಪ ತಡೆಯಿರಿ ಎಂದು ತಿಳಿಸಿದಳು.

ಉತ್ತರ ಬಂದಾಗ ಮಾವ ಅದನ್ನು ನನಗೆ ಓದಿ ಹೇಳಿದರು. ಬಹಳ ಗೌರವದಿಂದ ಬರೆದಿದ್ದ. ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸಲಾಗುತ್ತಿದೆ, ತಮ್ಮ ಕಳಕಳಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಾಗಿದೆ, ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು.

"ಇದು ನನ್ನ ವಾಕ್ಯ" ಎಂದರು ಮಾವ. "ಅವಂಗ ನಾನ ಕಲಿಸೇನಿ."

ಟ್ಯಾಬ್ಲೆಟ್ಟು ಹಿಡಿದುಕೊಂಡೇ ಎದುರು ಮನೆಗೆ ಹೋದರು. ಅವಳು ಎರಡು ಸಲ ಓದಿದಳು. "ಅಂದ್ರೆ ಏನು ಅಂಕಲ್? ಕೊಡ್ತಾರಾ, ಇಲ್ವಾ?"

ದೆಹಲಿಯಲ್ಲಿ ಪತ್ರಕರ್ತರು ಇದೇ ಪ್ರಶ್ನೆ ಕೇಳುತ್ತಿದ್ದರಂತೆ, ಇವರು ನಕ್ಕು ಚಹಾ ತರಿಸುತ್ತಿದ್ದರಂತೆ. ಆ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಈಗಲೂ ಅಂಥದೇ ಒಂದು ನುಣ್ಣನೆಯ ಮಾತು ಬರುತ್ತದೆಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಇಲ್ಲ, ತಂಗಿ" ಎಂದರು. "ಇದರ ಅರ್ಥ ಇಲ್ಲ ಅಂತ. ಸದ್ಯಕ್ಕ ಕೊಡಂಗಿಲ್ಲ. ನೀ ಕಾಯಬ್ಯಾಡ." ಟ್ಯಾಬ್ಲೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ಆರಿಸಿದರು. ಅಷ್ಟು ಚಿಕ್ಕ ಮಾತು ಆಡಲು ಅವರು ಪಟ್ಟ ಕಷ್ಟ ನೋಡಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಅವಳು ಅಳಲಿಲ್ಲ. ನಮ್ಮೆದುರಿಗೇ ತಾಯಿಗೆ ಫೋನು ಹಚ್ಚಿ ಅರಬ್ಬಿಯಲ್ಲಿ ಗಡಗಡನೆ ಮಾತಾಡಿದಳು. ಫೋನು ಇಟ್ಟು, "ಪಾಸ್‌ಪೋರ್ಟ್ ವಾಪಸ್ ತಗೊಂಡು ಕೈರೋಗೆ ಹೋಗು ಅಂದೆ" ಎಂದಳು.

ಸಂಕ್ರಾಂತಿಯ ಹೊತ್ತಿಗೆ ತಾಯಿ ಕೈರೋದಲ್ಲಿದ್ದರು. ನಾವು ಎಳ್ಳು ಕೊಡಲು ಹೋದಾಗ ವೀಡಿಯೊ ಕಾಲಿನಲ್ಲಿದ್ದರು, ಬಳೆಯಿಲ್ಲದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಾವನಿಗೆ ಏನೋ ಉದ್ದಕ್ಕೆ ಹೇಳಿದರು.

"ಏನಂತಾರ?"

"ಥ್ಯಾಂಕ್ಸ್ ಹೇಳ್ತಿದಾರೆ ಅಂಕಲ್."

"ನನಗ್ಯಾಕ? ನಾ ಏನ್ ಮಾಡೇನಿ? ಇಲ್ಲ ಅಂದೆ, ಅಷ್ಟ."

"ಅದನ್ನ ಬೇರೆ ಯಾರೂ ಹೇಳಿರಲಿಲ್ಲ" ಎಂದಳು ಅವಳು.