ಮೈಮೇಲೆ ಬಂದದ್ದು ದೇವರಲ್ಲ

ಎರಡು ವರ್ಷದ ಹಿಂದಿನ ಕಾರ್ತಿಕ ಮಾಸ. ಚಂದಾಪುರದ ನಮ್ಮ ಬೀದಿಯಲ್ಲಿ ಅಯ್ಯಪ್ಪ ಸ್ವಾಮಿಯ ಪೂಜೆಗೆಂದು ಹಾಕಿದ್ದ ಶಾಮಿಯಾನದ ಕೆಳಗೆ, ಒಂದು ಭಾನುವಾರ ಬೆಳಿಗ್ಗೆ, ಇಡೀ ಬೀದಿಯ ಜನರ ಎದುರಿಗೆ ನಾನು ದೇವರಾದೆ. ಕಾಲು ಗಂಟೆ ಮಾತ್ರ. ಅಷ್ಟರಲ್ಲಿ ಹತ್ತು ಹನ್ನೆರಡು ಜನ ನನ್ನ ಕಾಲಿಗೆ ಬಿದ್ದಿದ್ದರು. ಅವರಲ್ಲಿ ನಮ್ಮ ಮನೆ ಓನರ್ ರತ್ನಮ್ಮನವರೂ ಒಬ್ಬರು. ಬಾಡಿಗೆ ಮನೆಯಲ್ಲಿರುವವನಿಗೆ ಇದಕ್ಕಿಂತ ದೊಡ್ಡ ಪವಾಡ ಬೇರೆ ಬೇಕಿಲ್ಲ.

ನನ್ನ ಹೆಸರು ಬಸವರಾಜ. ಊರು ಕೊಪ್ಪಳದ ಕಡೆ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಇನ್‌ಸ್ಪೆಕ್ಷನ್ ಕೆಲಸ. ಮಷಿನ್ನಿನಿಂದ ಬಂದ ಗೇರುಗಳನ್ನು ಮೈಕ್ರೋಮೀಟರ್ ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ರಿಜೆಕ್ಟ್ ಮಾಡುವುದು. ಇದಕ್ಕೆ ಕೈ ಗಟ್ಟಿಯಿರಬೇಕು. ನನ್ನ ಕೈ ನಡುಗತೊಡಗಿತ್ತು. ಮೊದಲು ಶನಿವಾರಕ್ಕೊಮ್ಮೆ ಇದ್ದ ಕುಡಿತ ದಿನಾ ಸಂಜೆಗೆ ಬಂದು, ಆ ವರ್ಷ ಬೆಳಿಗ್ಗೆಗೂ ಕಾಲಿಟ್ಟಿತ್ತು. ಶಿಫ್ಟಿಗೆ ಮುಂಚೆ ಒಂದು ನೈಂಟಿ ಪ್ಯಾಕೆಟ್ ಒಳಗೆ ಹೋದರೆ ಕೈ ನಿಲ್ಲುತ್ತಿತ್ತು. ಕುಡಿತದಿಂದ ಬಂದ ನಡುಕಕ್ಕೆ ಕುಡಿತವೇ ಔಷಧಿ ಎಂದು ಕಂಡುಹಿಡಿದ ವಿಜ್ಞಾನಿ ನಾನು. ಆ ಔಷಧಿ ನನ್ನ ಬೈಕಿನ ಸೀಟಿನ ಕೆಳಗೆ, ಸ್ಪ್ಯಾನರ್ ಇಡುವ ಜಾಗದಲ್ಲಿ ಇರುತ್ತಿತ್ತು. ಹೆಂಡತಿ ಶಿವಲೀಲಾಗೆ ಸಂಜೆಯದು ಗೊತ್ತಿತ್ತು, ಬೆಳಗಿನದು ಗೊತ್ತಿರಲಿಲ್ಲ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಇರುತ್ತದೆ. ಅಲ್ಲಿನ ಡಾಕ್ಟರು ನನ್ನ ಕಣ್ಣು ಬಿಡಿಸಿ ನೋಡಿ, "ಡ್ರಿಂಕ್ಸ್ ತಗೋತೀರಾ?" ಎಂದು ಕೇಳಿದ್ದರು. "ಎಲ್ಲೋ ಫಂಕ್ಷನ್ ಇದ್ರೆ ಸ್ವಲ್ಪ ಸಾರ್" ಎಂದಿದ್ದೆ. ನಾನು ಹೇಳಿದ ಪ್ರಕಾರ ಚಂದಾಪುರದಲ್ಲಿ ಆ ವರ್ಷ ದಿನಕ್ಕೆರಡು ಮೂರು ಫಂಕ್ಷನ್ ನಡೆದಿರಬೇಕು. ಅವರು ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟ ಚೀಟಿಯನ್ನು ಮಡಚಿ ಅದೇ ಬೈಕಿನ ಸೀಟಿನ ಕೆಳಗೆ ಹಾಕಿದೆ.

ಊಟ ಸೇರುತ್ತಿರಲಿಲ್ಲ. ಸಂಜೆ ಹೊತ್ತಿಗೆ ಪಾದ ಊದುತ್ತಿತ್ತು. ಒಂದು ದಿನ ಶಿವಲೀಲಾ ಕನ್ನಡಿ ತಂದು ಮುಖಕ್ಕೆ ಹಿಡಿದಳು.

"ಕಣ್ಣು ನೋಡ್ಕೋರಿ. ಅರಿಶಿಣ ಹಚ್ಚಿದಂಗ ಆಗ್ಯಾವ. ದವಾಖಾನಿಗೆ ನಡೀರಿ."

"ದವಾಖಾನಿ ಯಾಕ? ಮಾಲಿ ಹಾಕ್ಕೊಂತೀನಿ. ನಲವತ್ತೆಂಟು ದಿನ ಮುಟ್ಟಂಗಿಲ್ಲ. ತಾನ ಸರಿ ಹೋಗತದ" ಎಂದೆ.

"ಮಾಲಿ ತೆಗೆದ ದಿನ ಏನ್ ಮಾಡ್ತೀರಿ?"

ಅವಳು ಕೇಳಿದ್ದು ಸುಮ್ಮನೆ ಅಲ್ಲ. ಹಿಂದಿನ ಮೂರು ವರ್ಷವೂ ಮಾಲೆ ಹಾಕಿದ್ದೆ, ವ್ರತ ಕಟ್ಟುನಿಟ್ಟಾಗಿ ಮಾಡಿದ್ದೆ, ಮಾಲೆ ತೆಗೆದ ಸಂಜೆಯೇ ಗೆಳೆಯರ ಜೊತೆ ಬಾರಿನಲ್ಲಿ ಕೂತು ನಲವತ್ತೆಂಟು ದಿನದ ಬಾಕಿಯನ್ನೆಲ್ಲ ತೀರಿಸಿದ್ದೆ. ನಮ್ಮ ಕಡೆ ಕಾರ್ಖಾನೆಗಳಲ್ಲಿ ಅದೂ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಆದರೂ ಹಟ ಹಿಡಿದು ಶುಕ್ರವಾರ ಬೆಳಿಗ್ಗೆ ಕಪ್ಪು ಪಂಚೆ ಉಟ್ಟು ಮಾಲೆ ಹಾಕಿಸಿಕೊಂಡೆ. ಹಾಕಿದವರು ಗುರುಸ್ವಾಮಿ ಮುನಿರಾಜು. ಅವರು ನಮ್ಮ ಕಾರ್ಖಾನೆಯಲ್ಲೇ ಫೋರ್ಕ್‌ಲಿಫ್ಟ್ ಓಡಿಸುವವರು, ಹದಿನೆಂಟಕ್ಕಿಂತ ಹೆಚ್ಚು ಸಲ ಶಬರಿಮಲೆಗೆ ಹೋದವರು.

ಶನಿವಾರ ತಣ್ಣೀರು ಸ್ನಾನ ಮಾಡಿ ಬಂದರೂ ಬೆವರು. ಭಾನುವಾರ ಕೈ ಮಾತ್ರವಲ್ಲ, ಮೊಣಕಾಲು, ದವಡೆ, ಎಲ್ಲವೂ ಅದುರುತ್ತಿದ್ದವು. ನೆಲದ ಮೇಲೆ ಇಲ್ಲದ ಇರುವೆಗಳು ಓಡಾಡಿದಂತೆ ಕಾಣುತ್ತಿತ್ತು. ಪೂಜೆಯಲ್ಲಿ ಕೂತರೆ ಸರಿಹೋಗುತ್ತದೆಂದು ಶಾಮಿಯಾನಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಭಜನೆ ಏರಿತು, ತಾಳ ಏರಿತು, ಎಲ್ಲರೂ ಶರಣು ಕೂಗುತ್ತಿದ್ದಾಗ ನನ್ನ ಮೈ ಪೂರ್ತಿ ನನ್ನ ಕೈತಪ್ಪಿ ನಡುಗತೊಡಗಿತು.

ಹಿಂದಿನಿಂದ ಯಾರೋ, "ಬಸಣ್ಣನ ಮೈಮೇಲೆ ಸ್ವಾಮಿ ಬಂದವ್ರೆ" ಎಂದರು.

ಅಷ್ಟೇ ಸಾಕಾಯಿತು. ತಾಳ ಇನ್ನೂ ಜೋರಾಯಿತು. ಯಾರೋ ಹಣೆಗೆ ವಿಭೂತಿ ಬಳಿದರು, ಕರ್ಪೂರ ಬೆಳಗಿದರು. ಬೇಡ ಎನ್ನಲು ಬಾಯಿ ತೆರೆದರೆ ಹಲ್ಲು ಕಟಕಟ ಎನ್ನುತ್ತಿತ್ತೇ ಹೊರತು ಮಾತು ಬರಲಿಲ್ಲ. ಒಬ್ಬೊಬ್ಬರಾಗಿ ಕಾಲಿಗೆ ಬೀಳತೊಡಗಿದರು. ರತ್ನಮ್ಮನವರು ಸೆರಗೊಡ್ಡಿ ಕೂತು ಕೇಳಿದರು. "ಸ್ವಾಮಿ, ನಮ್ಮುಡ್ಗಿ ಮದ್ವೆಯಾಗಿ ಆರು ವರ್ಸ ಆಯ್ತು. ಅವಳ ಮಡ್ಲು ತುಂಬ್ತದಾ?" ನನ್ನ ತಲೆ ತಾನಾಗಿಯೇ ಮೇಲೆ ಕೆಳಗೆ ಅಲ್ಲಾಡುತ್ತಿತ್ತು. ಅವರು ಅದನ್ನು ಹೌದೆಂದು ತಿಳಿದು ಅಳುತ್ತಾ ಇನ್ನೊಮ್ಮೆ ಕಾಲಿಗೆ ಬಿದ್ದರು. ಹಿಂದಿನ ವಾರವಷ್ಟೇ ನೀರಿನ ಟ್ಯಾಂಕು ತುಂಬಿ ಹರಿದದ್ದಕ್ಕೆ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದವರು ಅವರು. ನಾಚಿಕೆಯಿಂದ ಸಾಯುವಂತಾಯಿತು, ಜೊತೆಗೆ ನಿಜವಾಗಿಯೂ ಸಾಯುತ್ತಿದ್ದೇನೆಂಬ ಭಯವೂ ಹುಟ್ಟಿತು.

ಆಗ ಮುನಿರಾಜು ಸ್ವಾಮಿ ಜನರನ್ನು ಸರಿಸಿ ಬಂದರು. ನನ್ನ ಮಣಿಕಟ್ಟು ಹಿಡಿದರು, ರೆಪ್ಪೆ ಎಳೆದು ಕಣ್ಣು ನೋಡಿದರು, ಕಿವಿಯ ಹತ್ತಿರ ಬಾಗಿದರು.

"ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು ಸ್ವಾಮಿ?"

ಮೂರು ಬೆರಳು ತೋರಿಸಿದೆ.

"ನಮ್ಮಣ್ಣಂಗೂ ಹಿಂಗೇ ಆಗಿತ್ತು. ನಾವೂ ದೇವ್ರು ಅಂತ ಆರತಿ ಎತ್ಕೊಂಡು ಕೂತಿದ್ವಿ. ಫಿಟ್ಸ್ ಬಂದು ಬಿದ್ದ. ಏಳಿ, ಆಸ್ಪತ್ರೆಗೆ ಹೋಗೋಣ."

ಆಟೋ ಬಂತು. ಶಿವಲೀಲಾ ಒಂದು ಕಡೆ, ಗುರುಸ್ವಾಮಿ ಇನ್ನೊಂದು ಕಡೆ ಹಿಡಿದು ಕೂರಿಸಿದರು. ಜನ ಇನ್ನೂ ನಂಬಿಕೆ ಬಿಟ್ಟಿರಲಿಲ್ಲ. ಯಾರೋ ಆಟೋದ ಮುಂದೆ ತೆಂಗಿನಕಾಯಿ ಒಡೆದೇ ಕಳಿಸಿಕೊಟ್ಟರು.

ಆಸ್ಪತ್ರೆ ಹೊಸೂರು ರಸ್ತೆಯ ಪಕ್ಕದಲ್ಲೇ ಇತ್ತು. ನರ್ಸು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ತೋಳಿಗೆ ಹಚ್ಚಲು ಬಂದಾಗ ಆ ಸ್ಥಿತಿಯಲ್ಲೂ ನಾನು ಕೈ ಎಳೆದುಕೊಂಡೆ. "ಸಿಸ್ಟರ್, ಮಾಲೆಯಲ್ಲಿದೀನಿ, ಸ್ಪಿರಿಟ್ ಹಚ್ಚಬಾರದು" ಎಂದೆ. ಆಕೆ ಕೈ ಬಿಡಲಿಲ್ಲ. "ಸ್ವಾಮಿ, ಇದು ಹೊರಗೆ ಹಚ್ಚೋದು. ಒಳಗೆ ಹಾಕ್ಕೊಂಡಿದ್ದೇ ಪ್ರಾಬ್ಲಂ ಆಗಿರೋದು" ಎಂದು ಸೂಜಿ ಚುಚ್ಚಿಯೇಬಿಟ್ಟಳು.

ಡಾಕ್ಟರಮ್ಮನಿಗೆ ಐವತ್ತರ ಆಸುಪಾಸು. ಹೊಟ್ಟೆ ಒತ್ತಿ ನೋಡಿ, ಕನ್ನಡಕ ಮೇಲೇರಿಸಿ ಅದೇ ಪ್ರಶ್ನೆ ಕೇಳಿದರು. "ದಿನಕ್ಕೆ ಎಷ್ಟು ಕುಡೀತಿದ್ರಿ?"

"ಎಲ್ಲೋ ಫಂಕ್ಷನ್..." ಎನ್ನುವಷ್ಟರಲ್ಲಿ ಕೈ ಕೊರಳಿನ ಮಾಲೆಗೆ ತಾಗಿತು. ಮಾಲೆ ಹಾಕಿದವನು ಸುಳ್ಳು ಹೇಳುವಂತಿಲ್ಲ. ಹಾಕಿದ ಗುರು ಎದುರಿಗೇ ನಿಂತಿದ್ದರು. ಪಕ್ಕದಲ್ಲಿ ಶಿವಲೀಲಾ. ಆದರೂ ಹೇಳಿದೆ. ಸಂಜೆ ಎರಡು ಕ್ವಾರ್ಟರ್. ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ. ಊಟದ ಬಿಡುವಿನಲ್ಲಿ ಇನ್ನೊಂದು. ಬೈಕಿನ ಸೀಟಿನ ಕೆಳಗೆ ಬಚ್ಚಿಟ್ಟಿದ್ದನ್ನೂ ಹೇಳಿದೆ, ಅದನ್ನು ಯಾರೂ ಕೇಳಿರಲಿಲ್ಲ.

ಶಿವಲೀಲಾ ಜಾರಿದ್ದ ನನ್ನ ಕಪ್ಪು ಟವೆಲ್ಲನ್ನು ಹೆಗಲಿಗೆ ಸರಿಯಾಗಿ ಹೊದಿಸಿದಳು.

ಡಾಕ್ಟರಮ್ಮ ಬರೆದುಕೊಳ್ಳುತ್ತಾ, "ನಿಜ ಹೇಳಿದ್ರಲ್ಲ, ಅರ್ಧ ಕೆಲಸ ಆಯ್ತು. ಬಿಡೋದು ಒಳ್ಳೇದೇ. ಆದ್ರೆ ದಿನಾ ಇಷ್ಟು ಕುಡಿಯೋರು ಡಾಕ್ಟರನ್ನ ಕೇಳದೆ ದಿಢೀರಂತ ನಿಲ್ಲಿಸಬಾರದು. ಜೀವಕ್ಕೇ ಅಪಾಯ. ಔಷಧಿ ಕೊಟ್ಟು, ನೋಡ್ಕೊಂಡು ಬಿಡಿಸ್ತೀವಿ" ಎಂದರು. ಮರುದಿನ ಸ್ಕ್ಯಾನ್ ಆಯಿತು. ಲಿವರ್ ಊದಿತ್ತು, ಅಲ್ಲಲ್ಲಿ ಗಟ್ಟಿಯಾಗಲು ಶುರುವಾಗಿತ್ತು. "ಈಗ ಪೂರ್ತಿ ನಿಲ್ಲಿಸಿದ್ರೆ ಸುಧಾರಿಸೋಕೆ ಅವಕಾಶ ಇದೆ. ಕಮ್ಮಿ ಮಾಡ್ತೀನಿ ಅನ್ನೋದು ನಡೆಯಲ್ಲ. ಒಂದು ಹನಿನೂ ಇಲ್ಲ. ಯಾರೋ ಕೊಟ್ಟ ಬೇರು ಪುಡಿ ಅಂತನೂ ತಗೋಬೇಡಿ" ಎಂದರು.

ಏಳು ದಿನ ವಾರ್ಡಿನಲ್ಲಿದ್ದೆ. ಮಾಲೆ ತೆಗೆಯಬೇಕೇ ಎಂದು ಗುರುಸ್ವಾಮಿಯನ್ನು ಕೇಳಿದರೆ, "ಬೇಡ. ಈ ವರ್ಷ ಈ ಆಸ್ಪತ್ರೆನೇ ನಿಮ್ಮ ಸನ್ನಿಧಾನ" ಎಂದರು. ವ್ರತವೆಂದು ಮಂಚ ಬಿಟ್ಟು ನೆಲಕ್ಕೆ ಚಾಪೆ ಹಾಸಿದ್ದಕ್ಕೆ ಆ ನರ್ಸಿನಿಂದ ಬೈಸಿಕೊಂಡೆ. ಎರಡು ದಿನ ಪೂರ್ತಿ ಮಂಪರು. ನಾಲ್ಕನೆಯ ದಿನ ಶಿವಲೀಲಾ ತಂದ ಮೃದುವಾದ ಅನ್ನ, ಬೇಳೆಸಾರು ರುಚಿಸಿತು. ಎಷ್ಟೋ ತಿಂಗಳ ಮೇಲೆ ಇನ್ನೊಂದು ಸಲ ಬಡಿಸು ಎಂದೆ. ಅವಳು ಬಡಿಸುತ್ತಾ ಹೇಳಿದಳು. "ಅವತ್ತು ಡಾಕ್ಟರ್ ಮುಂದ ಹೇಳಿದ್ರಲ್ಲ, ಮದುವ್ಯಾದ ಹದಿನಾಲ್ಕು ವರ್ಷದಾಗ ಕುಡಿಯೂದರ ಬಗ್ಗೆ ನೀವು ನನ್ನ ಮುಂದ ಆಡಿದ ಮೊದಲನೇ ಖರೇ ಮಾತು ಅದು." ಬೈಯುತ್ತಾಳೆಂದುಕೊಂಡೆ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ನಾನೂ ತುತ್ತು ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟೆ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮಾಲೆ ಯಾವತ್ತು ತೆಗೀತೀರಾ?" ದಿನ ಹೇಳಿದೆ. ನಡುವೆ ಬರಬೇಕಾದ ದಿನಗಳನ್ನೆಲ್ಲ ಬರೆದು, ಕೊನೆಯಲ್ಲಿ ಅದೇ ದಿನ ಸಂಜೆ ಐದು ಗಂಟೆ ಎಂದು ಬರೆದು ಅಡಿಗೆರೆ ಎಳೆದರು.

ಆ ಸಲ ಬೆಟ್ಟ ಹತ್ತಲು ನನಗೆ ಅನುಮತಿ ಸಿಗಲಿಲ್ಲ. ಅಭಿಷೇಕಕ್ಕೆ ತುಂಬಿದ ನನ್ನ ತುಪ್ಪದ ಕಾಯಿಯನ್ನು ಮುನಿರಾಜು ಸ್ವಾಮಿಯೇ ಹೊತ್ತೊಯ್ದರು. ಅವರು ವಾಪಸು ಬಂದ ದಿನ ಮಧ್ಯಾಹ್ನ ಬೀದಿಯ ದೇವಸ್ಥಾನದಲ್ಲಿ ನನ್ನ ಮಾಲೆ ತೆಗೆದರು. ಕೊರಳು ಹಗುರವಾಯಿತು. ಅದರ ಜೊತೆಗೇ ಎಲ್ಲೋ ಅಡಗಿದ್ದ ಆಸೆ ಎದ್ದು ಕೂತಿತು. ಸುಳ್ಳು ಯಾಕೆ ಹೇಳಲಿ, ಬಾಯಲ್ಲಿ ನೀರೂರಿತು. ಶಿವಲೀಲಾಳನ್ನು ಆಸ್ಪತ್ರೆಗೆ ಕರೆದೆ. "ನಾ ಕಾವಲಿಗೆ ಬರೂದಿಲ್ಲ. ನೀವಽ ಹೋಗಿ ಬರ್ರಿ" ಎಂದಳು.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ನಮ್ಮ ಹಳೇ ಬಾರು. ಅದರ ಎದುರಿಗೆ ಬರುವಾಗ ಬೈಕು ತಾನಾಗಿ ನಿಧಾನವಾಯಿತು. ಫೋನು ಬಡಿದುಕೊಂಡಿತು. ಕಾರ್ಖಾನೆಯ ಸ್ಟೋರ್ಸಿನ ಗೆಳೆಯ ಶ್ರೀನಿವಾಸ.

"ಎಲ್ಲಿದೀಯಾ ಮಗಾ? ಟೇಬಲ್ ಹಿಡಿದು ಕೂತಿದೀವಿ. ಬಾರೋ ಬೇಗ."

ಗಾಜಿನ ಬಾಗಿಲಿನ ಆಚೆ ಅವನ ಬೆನ್ನು ಕಾಣುತ್ತಿತ್ತು. ಕೈ ಕೊರಳಿಗೆ ಹೋಯಿತು, ಅಲ್ಲಿ ಮಾಲೆಯಿರಲಿಲ್ಲ. ಆಮೇಲೆ, "ಆಸ್ಪತ್ರೆಗೆ ಹೋಗ್ತಿದೀನಿ ಕಣೋ" ಎಂದೆ.

"ಅಯ್ಯೋ, ಏನಾಯ್ತೋ?"

"ಏನೂ ಆಗಿಲ್ಲ. ಆಗಬಾರದು ಅಂತಾನೇ ಹೋಗ್ತಿರೋದು."

ಬೈಕು ಮುಂದಕ್ಕೆ ಬಿಟ್ಟೆ. ಆಸ್ಪತ್ರೆಯ ಬೆಂಚಿನ ಮೇಲೆ ನನಗಿಂತ ಮೊದಲೇ ನಾಲ್ವರು ಕೂತಿದ್ದರು. ಎಲ್ಲರದೂ ಆಗಷ್ಟೇ ಗಡ್ಡ ಬೋಳಿಸಿದ ಮುಖ, ಕೆನ್ನೆಯ ಕೆಳಭಾಗ ಬೇರೆ ಬಣ್ಣ, ಬರಿಗಾಲಿನ ಅಭ್ಯಾಸ ಹೋಗದೆ ಚಪ್ಪಲಿಯನ್ನು ಬೆಂಚಿನ ಕೆಳಗೆ ಬಿಟ್ಟವರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಸ್ವಾಮಿ, ನೀವೂ ಇವತ್ತೇನಾ?" ಎಂದು ಒಬ್ಬ ಕೇಳಿದ. ಐದೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬಾಗಿಲು ತೆರೆದು ಡಾಕ್ಟರಮ್ಮ ಹೊರಗೆ ಬಂದರು. "ಪ್ರತಿ ವರ್ಷ ಮಾಲೆ ತೆಗೆದ ವಾರ ನನ್ನ ವಾರ್ಡ್ ತುಂಬಿಹೋಗುತ್ತೆ. ಈ ಸಲ ನಾನೇ ಮೊದಲು ಕರೆದುಬಿಟ್ಟೆ" ಎಂದು ಎಲ್ಲರಿಗೂ ಮಜ್ಜಿಗೆ ತರಿಸಿದರು. ನನ್ನ ರಕ್ತದ ವರದಿ ನೋಡಿ, "ಕಾಮಾಲೆ ಇಳಿದಿದೆ. ದಾರಿಗೆ ಬರ್ತಿದೀರಾ" ಎಂದರು. ಮಜ್ಜಿಗೆಗೆ ಅಷ್ಟು ರುಚಿಯಿದೆ ಎಂದು ನನಗೆ ಗೊತ್ತಿರಲಿಲ್ಲ.

ಆ ನಾಲ್ವರೂ ನಾನೂ ಈಗಲೂ ತಿಂಗಳಿಗೊಮ್ಮೆ ಸೇರಿ ಇಡ್ಲಿ ತಿನ್ನುತ್ತೇವೆ. ಯಾರಿಗಾದರೂ ಆಸೆ ಎದ್ದರೆ ಉಳಿದವರಿಗೆ ಫೋನು ಮಾಡಬೇಕೆಂಬುದು ಮಾತು. ನಾನೂ ಮಾಡಿದ್ದೇನೆ, ಎರಡು ಸಲ. ಮಾತ್ರೆ ಇನ್ನೂ ನಡೆಯುತ್ತಿದೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ.

ರತ್ನಮ್ಮನವರ ಮಗಳಿಗೆ ಮರುವರ್ಷ ಹೆಣ್ಣುಮಗುವಾಯಿತು. ಅವತ್ತು ಬಂದದ್ದು ದೇವರಲ್ಲ, ಕುಡಿತ ಬಿಟ್ಟ ನಡುಕ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರು ಕೇಳಲಿಲ್ಲ. "ನಿಂಗೇನ್ ಗೊತ್ತು ಸುಮ್ನಿರು, ನೀನು ಮೈಮೇಲೆ ಗ್ಯಾನ ಇಲ್ದೆ ಕೂತಿದ್ದೆ" ಎಂದರು. ಹೋದ ಕಾರ್ತಿಕದಲ್ಲಿ, ಅದೇ ಶಾಮಿಯಾನದ ಕೆಳಗೆ, ಎರಡು ತಿಂಗಳ ಆ ಕೂಸನ್ನು ತಂದು, "ಇಡ್ಕೊ" ಎಂದು ನನ್ನ ಕೈಗೆ ಕೊಟ್ಟರು. ಕೈ ನಡುಗುತ್ತದೆಂದು ವರ್ಷಗಳಿಂದ ಯಾರೂ ನನಗೆ ಮಗು ಕೊಟ್ಟಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಎತ್ತಿಕೊಂಡೆ. ಮಗು ಒಮ್ಮೆ ಆಕಳಿಸಿ ನನ್ನ ಅಂಗೈಗಳಲ್ಲೇ ನಿದ್ದೆಹೋಯಿತು.

ಎಲ್ಲರೂ ಮಗುವನ್ನು ನೋಡಲು ಬಗ್ಗಿದರು. ಶಿವಲೀಲಾ ಮಾತ್ರ ನನ್ನ ಕೈಗಳನ್ನೇ ನೋಡುತ್ತಾ ನಿಂತಿದ್ದಳು. ಅವಳ ಆ ಮುಖ ನೆನಪಾದರೆ ಈಗಲೂ, ಶಿಫ್ಟಿನ ನಡುವೆ ಮೈಕ್ರೋಮೀಟರ್ ಹಿಡಿದಿರುವಾಗಲೂ, ನನಗೆ ಒಬ್ಬನಿಗೇ ನಗು ಬರುತ್ತದೆ.